ತನೋಟ್ ಒಂದು ದಿನ, ಖುರಿ ಇನ್ನೊಂದು ದಿನ

ಪ್ರಶ್ನೆ: ಜನವರಿಯಲ್ಲಿ ಜೋಧಪುರದಲ್ಲಿ ಕಾರು ಬಾಡಿಗೆಗೆ ತಗೊಂಡು ಜೈಸಲ್ಮೇರ್‌ಗೆ ಹೋಗುತ್ತಿದ್ದೇವೆ. ಅಲ್ಲಿಂದ ಬೆಳಗ್ಗೆ ಹೊರಟು ತನೋಟ್, ಲೋಂಗೇವಾಲಾ ನೋಡಿ, ರಾತ್ರಿ ಖುರಿ ಹಳ್ಳಿಯ ಗೆಸ್ಟ್‌ಹೌಸ್ ಸೇರಬಹುದೇ? ಮಂಡಿನೋವಿನ ಅತ್ತೆ, ಎಂಟು ವರ್ಷದ ಮಗ ಜೊತೆಗಿದ್ದಾರೆ. ಮರಳು ದಿಬ್ಬ ನೋಡಲು ಸಮ್ ಬಿಟ್ಟು ಖುರಿ ಆರಿಸಿದ್ದು ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ಸೇರಬಹುದು, ಆದರೆ ಬೇಡ. ಮ್ಯಾಪ್ ತೆಗೆದು ನೋಡಿ. ತನೋಟ್ ಇರುವುದು ಜೈಸಲ್ಮೇರ್‌ನ ವಾಯವ್ಯಕ್ಕೆ, ಸುಮಾರು 120 ಕಿ.ಮೀ. ಖುರಿ ನೈಋತ್ಯಕ್ಕೆ, 45 ಕಿ.ಮೀ. ಹತ್ತಿರ. ತನೋಟ್, ಲೋಂಗೇವಾಲಾ, ರಾಮಗಢ ಸುತ್ತಿ ಜೈಸಲ್ಮೇರ್‌ಗೆ ಮರಳುವಷ್ಟರಲ್ಲೇ 260 ಕಿ.ಮೀ. ದಾಟುತ್ತದೆ. ಆಮೇಲೆ ಕತ್ತಲಲ್ಲಿ ಖುರಿ ದಾರಿ ಹಿಡಿಯಬೇಕು. ಆ ದಾರಿಯಲ್ಲಿ ಬೀದಿದೀಪ ಇಲ್ಲ, ದನ, ಆಡು, ಒಂಟೆಗಳು ಮಾತ್ರ ಇವೆ. ಒಂಟೆಯ ಕಾಲು ಉದ್ದ. ಕಾರು ಗುದ್ದಿದರೆ ಮೈಯೆಲ್ಲ ನೇರ ಗಾಜಿನ ಮೇಲೇ ಬೀಳುತ್ತದೆ. ಬೇಕಾ ಈ ಉಸಾಬರಿ?

ತನೋಟ್‌ಗೇ ಒಂದು ದಿನ ಕೊಡಿ. 1965ರ ಯುದ್ಧದಲ್ಲಿ ಬಿದ್ದು ಸಿಡಿಯದ ಶೆಲ್‌ಗಳನ್ನು ಅಲ್ಲಿನ ತನೋಟ್ ಮಾತೆಯ ಗುಡಿಯಲ್ಲಿ ಇಟ್ಟಿದ್ದಾರೆ. ಗುಡಿ ನೋಡಿಕೊಳ್ಳುವವರು ಬಿಎಸ್‌ಎಫ್ ಯೋಧರೇ. ಲೋಂಗೇವಾಲಾದಲ್ಲಿ 1971ರ ಡಿಸೆಂಬರಿನ ಕಾಳಗದ ಟ್ಯಾಂಕ್ ಇದೆ, ಮಗ ಅಲ್ಲಿಂದ ಸುಲಭಕ್ಕೆ ಕದಲುವುದಿಲ್ಲ. ಜೈಸಲ್ಮೇರ್‌ನಲ್ಲೇ ಕಾರಿನ ಟ್ಯಾಂಕ್ ತುಂಬಿಸಿ, ರಾಮಗಢದ ಆಚೆ ಪೆಟ್ರೋಲ್ ನಂಬಬೇಡಿ. ಫೋನ್ ಸಿಗ್ನಲ್ಲೂ ಅಷ್ಟೇ.

ಗಾಳಿ ಬೀಸಿದ ದಿನ ಮರಳು ಟಾರಿನ ಮೇಲೆ ಹರಡಿರುತ್ತದೆ. ಮೊದಲೇ ನಿಧಾನ ಮಾಡಿ ನೇರ ದಾಟಿಸಿ, ಮರಳಿನ ಮೇಲೆ ಬ್ರೇಕ್ ಒತ್ತಬೇಡಿ. ಫೋಟೋಗೆ ನಿಲ್ಲಿಸುವಾಗ ಚಕ್ರ ಟಾರಿನಿಂದ ಇಳಿಯದಿರಲಿ. ಅಕಸ್ಮಾತ್ ಹೂತುಕೊಂಡರೆ ಆಕ್ಸಿಲರೇಟರ್ ತುಳಿಯಬೇಡಿ, ಇನ್ನೂ ಆಳಕ್ಕೆ ಹೋಗುತ್ತದೆ. ಚಕ್ರದ ಮುಂದಿನ ಮರಳು ಕೈಯಿಂದ ಬಾಚಿ, ಟೈರಿನ ಗಾಳಿ ಸ್ವಲ್ಪ ಬಿಡಿ. ಟಾರಿಗೆ ಬಂದ ಮೇಲೆ ಮತ್ತೆ ತುಂಬಿಸಬೇಕು, ಹಾಗಾಗಿ ಸಣ್ಣ ಪಂಪು ಜೊತೆಗಿರಲಿ.

ಇನ್ನು ಖುರಿ. ಸಮ್‌ನಲ್ಲಿ ಟೆಂಟು ಜಾಸ್ತಿ, ಡಿಜೆ ಜಾಸ್ತಿ. ನನ್ನನ್ನು ಕೇಳಿದರೆ ಖುರಿಯೇ. ಮಣ್ಣಿನ ಗೋಡೆ, ಹುಲ್ಲಿನ ಚಾವಣಿಯ ಗುಂಡನೆ ಗುಡಿಸಲು. ಸ್ನಾನಕ್ಕೆ ಬಹುಶಃ ಒಂದು ಬಕೆಟ್ ಬಿಸಿನೀರು, ಇನ್ನೊಂದು ಕೇಳಲು ನನಗಂತೂ ಬಾಯಿ ಬರಲಿಲ್ಲ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಕಮೋಡ್ ಇದೆಯಾ? ರಜಾಯಿ ಎಷ್ಟು ಕೊಡುತ್ತೀರಿ? ಜನವರಿ ರಾತ್ರಿಯ ಚಳಿಗೆ ದಾವಣಗೆರೆಯ ಸ್ವೆಟರ್ ಸಾಲದು. ಸೂರ್ಯ ಹುಟ್ಟುವುದು ಏಳೂವರೆ ಹೊತ್ತಿಗೆ, ಐದಕ್ಕೆ ಅಲಾರಂ ಇಟ್ಟು ಮನೆಮಂದಿಯನ್ನು ಎಬ್ಬಿಸಬೇಡಿ.

ಅತ್ತೆಯವರನ್ನು ಒಂಟೆ ಮೇಲೆ ಕೂರಿಸಬೇಡಿ. ಏಳುವಾಗ ಅದು ಹಿಂಗಾಲು ಮೊದಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಮಗ ಹತ್ತುವುದಾದರೆ ನೀವೂ ಅವನ ಹಿಂದೆ ಕೂತು, ಇಬ್ಬರೂ ಹಿಂದಕ್ಕೆ ವಾಲಿಕೊಳ್ಳಿ. ಅತ್ತೆಯವರಿಗೆ ಒಂಟೆ ಗಾಡಿ ಸಿಗುತ್ತದಾ ಅಂತ ಮೊದಲೇ ಕೇಳಿಡಿ.

ಪ್ರಶ್ನೆ: ಜೈಸಲ್ಮೇರ್ ಕಡೆಯ ಊಟ ನಮ್ಮ ಬಾಯಿಗೆ ಹಿಡಿಸುತ್ತಾ?
– ಓದುಗರು, ಬಾಗಲಕೋಟೆ

ಉತ್ತರ: ಸಜ್ಜೆ ರೊಟ್ಟಿ ತಿನ್ನುವ ನೀವೇ ಹೀಗೆ ಕೇಳಿದರೆ ಹೇಗೆ! ಅಲ್ಲೂ ಅದೇ ರೊಟ್ಟಿ, ತುಸು ದಪ್ಪ, ಮೇಲೆ ಕೈಬಿಚ್ಚಿ ಹಾಕಿದ ತುಪ್ಪ. ಕೇರ್ ಸಾಂಗ್ರಿ ಪಲ್ಯ ತಪ್ಪಿಸಿಕೊಳ್ಳಬೇಡಿ. ಕೇರ್ ಅಂದರೆ ಮರುಭೂಮಿಯ ಪೊದೆಯ ಸಣ್ಣ ಕಾಯಿ. ಸಾಂಗ್ರಿ ಅಂದರೆ ದಸರೆಗೆ ನಾವು ಪೂಜೆ ಮಾಡುವ ಬನ್ನಿ ಮರದ ಕಾಯಿ, ಒಣಗಿಸಿಟ್ಟು ವರ್ಷವಿಡೀ ಬಳಸುತ್ತಾರೆ. ಅನ್ನ ಬೇಕಿದ್ದರೆ ಮಧ್ಯಾಹ್ನವೇ ಹೇಳಿಡಿ. ಶೇಂಗಾ ಚಟ್ನಿ ಒಯ್ದರೆ ಅವರಿಗೂ ಒಂದಿಷ್ಟು ಕೊಡಿ.