ದರ ನೋಡಬೇಡಿ, ಬಿಲ್ ನೋಡಿ
ಅಮೆರಿಕದ ರಾಜ್ಯಗಳ ಮನೆ ತೆರಿಗೆ, ಜೀವನ ವೆಚ್ಚ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸ್ಯಾನ್ ಹೋಸೆಯಲ್ಲಿ 2010ರಲ್ಲಿ 5 ಲಕ್ಷ ಡಾಲರ್‌ಗೆ ಕೊಂಡ ಮನೆಯಲ್ಲಿದ್ದೇವೆ. ಈಗ ಅದಕ್ಕೆ 13 ಲಕ್ಷ ಬರುತ್ತದೆ. ಇಬ್ಬರ ಸಂಬಳ ಸೇರಿ ವರ್ಷಕ್ಕೆ 2 ಲಕ್ಷ. ಆಸ್ಟಿನ್ ಹತ್ತಿರ 4.5 ಲಕ್ಷಕ್ಕೆ ಹೊಸ ಮನೆ ಸಿಗುತ್ತಿದೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವಲ್ಲ, ಅದಷ್ಟೂ ಉಳಿತಾಯವೇ?
– ಒಬ್ಬ ಓದುಗರು, ಸ್ಯಾನ್ ಹೋಸೆ

ಉತ್ತರ: ಸಂಬಳದ ಮೇಲಿನದು ಖಂಡಿತ ಉಳಿಯುತ್ತದೆ. 2 ಲಕ್ಷ ಸಂಬಳದ ದಂಪತಿ ಕ್ಯಾಲಿಫೋರ್ನಿಯಾಕ್ಕೆ ಕಟ್ಟುವ ಆದಾಯ ತೆರಿಗೆ ಸುಮಾರು 10 ಸಾವಿರ ಡಾಲರ್. ಸಂಬಳದ ಚೀಟಿಯಲ್ಲಿ ಎಸ್‌ಡಿಐ (ಕಾಯಿಲೆ ಬಿದ್ದು ದುಡಿಯಲಾಗದಿದ್ದರೆ ನೆರವಾಗುವ ರಾಜ್ಯದ ವಿಮೆ) ಹೆಸರಿನಲ್ಲಿ ಹಿಡಿಯುವುದು ಇನ್ನೂ ಎರಡು ಸಾವಿರಕ್ಕೆ ಮೇಲೆ. 2024ರಿಂದ ಅದಕ್ಕೆ ಸಂಬಳದ ಮೇಲ್ಮಿತಿಯೂ ಇಲ್ಲ.

ಆದರೆ ಮನೆ ಅಗ್ಗವಾದರೆ ಮನೆ ತೆರಿಗೆಯೂ ಇಳಿಯುತ್ತದೆ ಎಂದುಕೊಳ್ಳಬೇಡಿ. 1978ರ ಪ್ರೊಪೊಸಿಷನ್ 13 ಎಂಬ ಕಾನೂನಿನ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ನಿಮ್ಮ 5 ಲಕ್ಷ ಹದಿನೈದು ವರ್ಷಗಳಲ್ಲಿ ಹೆಚ್ಚೆಂದರೆ 6.73 ಲಕ್ಷ ಆಗಿರುತ್ತದೆ. ಮೂಲ ದರ ಶೇ. 1, ಮೇಲೆ ಸ್ಥಳೀಯ ಬಾಂಡುಗಳ (ಸಾರ್ವಜನಿಕ ಸಾಲಗಳ) ತೀರುವಳಿ, ಒಟ್ಟು ಶೇ. 1.2 ಎಂದು ಹಿಡಿದರೂ ಬಿಲ್ 8,100 ದಾಟುವುದಿಲ್ಲ.

ಟೆಕ್ಸಸ್‌ನಲ್ಲಿ ಶಾಲಾ ಜಿಲ್ಲೆ, ಕೌಂಟಿ, ನಗರ, ಹೊಸ ಬಡಾವಣೆಯಾದರೆ ಮಡ್ ಎಂಬ ನೀರು-ಚರಂಡಿ ಜಿಲ್ಲೆ, ಹೀಗೆ ಒಬ್ಬೊಬ್ಬರದೂ ಒಂದೊಂದು ದರ. ಉದಾಹರಣೆಗೆ ಶಾಲೆಯದು ಶೇ. 1, ಉಳಿದವರದು ಸೇರಿ ಶೇ. 1.2 ಎನ್ನೋಣ. ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆಯ ಬೆಲೆಯಿಂದ 1.4 ಲಕ್ಷ ಕಳೆಯುತ್ತದೆ (2025ರ ನವೆಂಬರ್ ಮತದಾನಕ್ಕೆ ಮುಂಚೆ 1 ಲಕ್ಷ ಇತ್ತು). ಶಾಲೆಗೆ 3,100, ಉಳಿದವರಿಗೆ 5,400, ಒಟ್ಟು 8,500. ಮೂರರಲ್ಲಿ ಒಂದು ಪಾಲು ಬೆಲೆಯ ಮನೆಗೆ ಈಗಿನದಕ್ಕಿಂತ ಸ್ವಲ್ಪ ಹೆಚ್ಚೇ ತೆರಿಗೆ! ಮುಂದೆ ತೆರಿಗೆ ಬೆಲೆ ವರ್ಷಕ್ಕೆ ಶೇ. 10ರವರೆಗೆ ಏರಬಹುದು.

ಹೊಸ ಮನೆ ಕೊಳ್ಳುವವರು ಹೆಚ್ಚಾಗಿ ಎಡವುವುದು ಎರಡನೇ ವರ್ಷದಲ್ಲಿ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇವೆ. ಟೆಕ್ಸಸ್‌ನಲ್ಲಿ ಬೆಲೆ ಕಟ್ಟುವುದು ಜನವರಿ 1ರಂದು ಅಲ್ಲಿ ಏನಿತ್ತೋ ಅದಕ್ಕೆ. ಅವತ್ತು ಬರೀ ಸೈಟ್ ಇದ್ದು ಅದರ ಬೆಲೆ 80 ಸಾವಿರ ಎಂದಿದ್ದರೆ ಆ ವರ್ಷದ ಬಿಲ್ 1,760. ಸಾಲ ಕೊಟ್ಟವರು ಇದನ್ನೇ ಆಧಾರ ಮಾಡಿಕೊಂಡು ಎಸ್ಕ್ರೊ ಖಾತೆಗೆ (ತೆರಿಗೆ ಕಟ್ಟಲು ಕಂತಿನ ಜೊತೆ ಹಣ ಕೂಡಿಡುವ ಖಾತೆ) ತಿಂಗಳಿಗೆ 147 ಡಾಲರ್ ಹಿಡಿಯುತ್ತಾ ಹೋಗುತ್ತಾರೆ. ಮರುವರ್ಷ ಪೂರ್ತಿ ಮನೆಯ ಬಿಲ್ 8,500 ಬಂದಾಗ ಖಾತೆಯಲ್ಲಿ 6,740 ಕಡಿಮೆ. ಆಮೇಲೆ ತಿಂಗಳಿಗೆ ಬೇಕಾಗುವುದು ಆ ವರ್ಷದ ಪಾಲು 708, ಹಳೇ ಕೊರತೆಗೆ 562, ಒಟ್ಟು 1,270. ಕಂತು ಒಮ್ಮೆಲೇ ಸಾವಿರಕ್ಕೂ ಮಿಕ್ಕಿ ಏರುತ್ತದೆ. ಯಾರೂ ಮೋಸ ಮಾಡಿದ್ದಲ್ಲ, ಲೆಕ್ಕವೇ ಹಾಗೆ. ಪೂರ್ತಿ ಮನೆಯ ಬೆಲೆಗೆ ಎಸ್ಕ್ರೊ ಹಿಡಿಯಿರಿ ಎಂದು ಮೊದಲ ದಿನವೇ ಸಾಲದವರಿಗೆ ಬರೆದುಕೊಡಿ, ಇಲ್ಲವೇ ವ್ಯತ್ಯಾಸವನ್ನು ನೀವೇ ಬೇರೆ ಖಾತೆಯಲ್ಲಿ ಇಡುತ್ತಾ ಬನ್ನಿ.

ಹೋಮ್‌ಸ್ಟೆಡ್ ವಿನಾಯಿತಿ ತಾನಾಗಿ ಬರುವುದಿಲ್ಲ. 50-114 ನಮೂನೆಯನ್ನು ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ (ಆಸ್ತಿಗೆ ಬೆಲೆ ಕಟ್ಟುವ ಕಚೇರಿ) ಕೊಡಬೇಕು. ಚಾಲನಾ ಪರವಾನಗಿಯಲ್ಲಿ ಅದೇ ಮನೆಯ ವಿಳಾಸ ಇರಬೇಕು. ಬೆಲೆ ಜಾಸ್ತಿ ಹಾಕಿದ್ದಾರೆ ಅನ್ನಿಸಿದರೆ ಮೇ 15ರೊಳಗೆ, ಅಥವಾ ನೋಟಿಸ್ ಕಳಿಸಿದ 30 ದಿನದೊಳಗೆ, ಎರಡರಲ್ಲಿ ಯಾವುದು ತಡವೋ ಅಷ್ಟರಲ್ಲಿ ತಕರಾರು ಸಲ್ಲಿಸಿ. ಟೆಕ್ಸಸ್‌ನಲ್ಲಿ ಮಾರಾಟದ ಬೆಲೆ ಸಾರ್ವಜನಿಕ ದಾಖಲೆಯಲ್ಲಿ ಇರುವುದಿಲ್ಲ. ಅವರು ಹಾಕಿದ್ದಕ್ಕಿಂತ ಕಡಿಮೆಗೆ ಕೊಂಡಿದ್ದರೆ ಕೊಂಡ ಬೆಲೆ ಬರೆದಿರುವ ನಿಮ್ಮ ಕ್ಲೋಸಿಂಗ್ ಪತ್ರವೇ ಬಲವಾದ ಪುರಾವೆ.

ಹಳೇ ಮನೆಯದು ಇನ್ನೂ ದೊಡ್ಡ ಮಾತು. 8 ಲಕ್ಷ ಲಾಭದಲ್ಲಿ ದಂಪತಿಗೆ ಫೆಡರಲ್ ವಿನಾಯಿತಿ ಇರುವುದು 5 ಲಕ್ಷಕ್ಕೆ ಮಾತ್ರ. ಉಳಿದ 3 ಲಕ್ಷಕ್ಕೆ ಫೆಡರಲ್ ತೆರಿಗೆಯೂ ಇದೆ, ನೀವು ಟೆಕ್ಸಸ್‌ನಲ್ಲಿದ್ದರೂ ಕ್ಯಾಲಿಫೋರ್ನಿಯಾದ ತೆರಿಗೆಯೂ ಇದೆ, ಏಕೆಂದರೆ ಆಸ್ತಿ ಅಲ್ಲಿನದು. ಬಾಡಿಗೆಗೆ ಕೊಟ್ಟು ನೋಡೋಣ ಎಂದರೆ ಹಳೇ ತೆರಿಗೆ ಬೆಲೆ ಹಾಗೇ ಉಳಿಯುತ್ತದೆ, ಒಳ್ಳೆಯದೇ. ಆದರೆ ಕೊನೆಯ ಐದು ವರ್ಷದಲ್ಲಿ ಎರಡು ವರ್ಷ ವಾಸವಿದ್ದರಷ್ಟೇ ಆ 5 ಲಕ್ಷದ ವಿನಾಯಿತಿ. ಅಂದರೆ ಬಿಟ್ಟು ಹೋದ ಮೂರು ವರ್ಷದೊಳಗೆ ಮಾರಬೇಕು. ಮಾರಿಬಿಟ್ಟು ಮುಂದೊಂದು ದಿನ ವಾಪಸ್ ಬಂದು 13 ಲಕ್ಷದ ಮನೆ ಕೊಂಡರೆ ತೆರಿಗೆ ವರ್ಷಕ್ಕೆ 15,600ರಿಂದ ಶುರು. ಕೆಲಸ ಖಾಯಂ ಎಂದು ಖಾತ್ರಿಯಾಗುವವರೆಗೆ ಮಾರಬೇಡಿ ಎಂಬುದೇ ನಮ್ಮ ಸಲಹೆ.

ಪ್ರಶ್ನೆ: ಎಡಿಸನ್‌ನಲ್ಲಿ ಮನೆ ತೆರಿಗೆ 11 ಸಾವಿರ. ನನಗೆ 68, ನಿವೃತ್ತ. ಫ್ಲಾರಿಡಾಕ್ಕೋ ಪೆನ್ಸಿಲ್ವೇನಿಯಾಕ್ಕೋ ಹೋಗುವ ಆಲೋಚನೆ. ನ್ಯೂಜೆರ್ಸಿ ಬಿಟ್ಟರೆ ‘ಎಕ್ಸಿಟ್ ಟ್ಯಾಕ್ಸ್’ ಕಟ್ಟಬೇಕಂತೆ, ನಿಜವೇ?
– ಒಬ್ಬ ಓದುಗರು, ನ್ಯೂಜೆರ್ಸಿ

ಉತ್ತರ: ಹಾಗೊಂದು ಪ್ರತ್ಯೇಕ ತೆರಿಗೆ ಇಲ್ಲ. ರಾಜ್ಯ ಬಿಟ್ಟವರು ಮನೆ ಮಾರುವಾಗ ಲಾಭದ ಶೇ. 10.75 ಅಥವಾ ಮಾರಾಟ ಬೆಲೆಯ ಶೇ. 2, ಯಾವುದು ಹೆಚ್ಚೋ ಅದನ್ನು ಆದಾಯ ತೆರಿಗೆಯ ಮುಂಗಡವಾಗಿ ಕಟ್ಟಿಸಿಕೊಳ್ಳುತ್ತಾರೆ. ರಿಟರ್ನ್ ಸಲ್ಲಿಸಿದಾಗ ಹೆಚ್ಚಾದದ್ದು ವಾಪಸ್ ಬರುತ್ತದೆ. ಇನ್ನೂ ಅಲ್ಲಿನ ನಿವಾಸಿಯಾಗಿರುವಾಗಲೇ ಮಾರಿದರೆ ಜಿಐಟಿ/ಆರ್‌ಇಪಿ-3 ನಮೂನೆ ಸಾಕು, ಮುಂಗಡವೂ ಬೇಡ.

ಹೊರಡುವ ಮೊದಲು ಪಿಎಎಸ್-1 ಅರ್ಜಿ ತುಂಬಿ. ಹಿರಿಯರಿಗಿರುವ ಮನೆ ತೆರಿಗೆ ನೆರವಿನ ಯೋಜನೆಗಳಾದ ಸೀನಿಯರ್ ಫ್ರೀಜ್, ಆ್ಯಂಕರ್, ಸ್ಟೇ ಎನ್‌ಜೆ ಮೂರಕ್ಕೂ ಅದೊಂದೇ ಅರ್ಜಿ. 11 ಸಾವಿರದಲ್ಲಿ ಎಷ್ಟು ಹಿಂತಿರುಗುತ್ತದೆ ಎಂದು ತಿಳಿಯದೆ ಹೋಲಿಸುವುದು ಸರಿಯಲ್ಲ.

ಫ್ಲಾರಿಡಾದಲ್ಲಿ ಮಾರುವವರು ತೋರಿಸುವ ತೆರಿಗೆ ಬಿಲ್ ನಂಬಬೇಡಿ. ವಾಸದ ಮನೆಗೆ ಅಲ್ಲಿ ವರ್ಷಕ್ಕೆ ಹೆಚ್ಚೆಂದರೆ ಶೇ. 3 ಏರಿಕೆ. ಅವರು ಇಪ್ಪತ್ತು ವರ್ಷ ಇದ್ದವರಾದರೆ ಬಿಲ್ ತೀರಾ ಕಡಿಮೆ ಇರುತ್ತದೆ; ನೀವು ಕೊಂಡ ಮರುವರ್ಷ ಜನವರಿ 1ಕ್ಕೆ ಪೇಟೆ ಬೆಲೆಗೇ ಹೋಗುತ್ತದೆ. ಹೋಮ್‌ಸ್ಟೆಡ್ ಅರ್ಜಿಗೆ ಮಾರ್ಚ್ 1 ಕೊನೆ. ಮನೆ ವಿಮೆಯ ಬೆಲೆಯನ್ನು ಕರಾರಿಗೆ ಮುಂಚೆಯೇ ಕೇಳಿ, ಚಂಡಮಾರುತಕ್ಕೆ ಪ್ರತ್ಯೇಕ ಡಿಡಕ್ಟಿಬಲ್ ಎಷ್ಟೆಂದೂ ಕೇಳಿ. ಶೇ. 2 ಎಂದರೆ 4 ಲಕ್ಷದ ವಿಮೆಗೆ ಮೊದಲ 8 ಸಾವಿರ ನಿಮ್ಮ ಕೈಯಿಂದಲೇ. ನೆರೆ ವಿಮೆ ಅದರಲ್ಲಿ ಸೇರಿರುವುದಿಲ್ಲ.

ಪೆನ್ಸಿಲ್ವೇನಿಯಾ ಪಿಂಚಣಿಗೂ, ನಿಮ್ಮ ವಯಸ್ಸಿನವರ 401ಕೆ (ಕೆಲಸದಲ್ಲಿದ್ದಾಗ ಕೂಡಿಟ್ಟ ನಿವೃತ್ತಿ ಖಾತೆ) ಹಣಕ್ಕೂ ರಾಜ್ಯ ತೆರಿಗೆ ಹಾಕುವುದಿಲ್ಲ. ಆದರೆ ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಗೆ ಶೇ. 4.5 ಉತ್ತರಾಧಿಕಾರ ತೆರಿಗೆ ಇದೆ. ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ ಅದಿಲ್ಲ.

ಪ್ರಶ್ನೆ: ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲಿ ಮನೆ ಮಾಡಿ, ಹೊಳೆ ದಾಟಿ ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಸಾಮಾನು ಕೊಂಡರೆ ಆದಾಯ ತೆರಿಗೆಯೂ ಇಲ್ಲ, ಮಾರಾಟ ತೆರಿಗೆಯೂ ಇಲ್ಲ ಎನ್ನುತ್ತಾರೆ. ನನ್ನ ಕಚೇರಿ ಪೋರ್ಟ್‌ಲ್ಯಾಂಡ್‌ನಲ್ಲೇ.
– ಒಬ್ಬ ಓದುಗರು, ಒರೆಗಾನ್

ಉತ್ತರ: ಕಚೇರಿ ಒರೆಗಾನ್‌ನಲ್ಲಿದ್ದರೆ ಅಲ್ಲಿ ಕೂತು ದುಡಿದ ದಿನಗಳ ಸಂಬಳಕ್ಕೆ ಒರೆಗಾನ್ ತೆರಿಗೆ ಕಟ್ಟಲೇಬೇಕು, ಅದು ಶೇ. 9.9ರವರೆಗೂ ಹೋಗುತ್ತದೆ. ವ್ಯಾಂಕೂವರ್ ಮನೆಯಲ್ಲೇ ಕೂತು ಮಾಡಿದ ದಿನಗಳನ್ನು ಬೇರೆ ಬರೆದಿಡಿ, ಅವಕ್ಕೆ ಅದು ತಾಗುವುದಿಲ್ಲ. ಸಾಮಾನಿನ ವಿಷಯದಲ್ಲಿ, ಒರೆಗಾನ್‌ನಲ್ಲಿ ಕೊಂಡು ವಾಷಿಂಗ್ಟನ್‌ನಲ್ಲಿ ಬಳಸುವ ವಸ್ತುವಿಗೆ ಯೂಸ್ ಟ್ಯಾಕ್ಸ್ (ಮಾರಾಟ ತೆರಿಗೆಯ ಬದಲು ಬಳಸುವ ಕಡೆ ಕಟ್ಟುವ ತೆರಿಗೆ) ಕಟ್ಟಬೇಕೆಂಬುದು ಕಾನೂನು. ಕಾರು ಕೊಂಡರೆ ನೋಂದಣಿಯ ಹೊತ್ತಿಗೆ ಅದನ್ನು ಕೌಂಟರಿನಲ್ಲೇ ವಸೂಲು ಮಾಡುತ್ತಾರೆ. ದಿನಸಿಗೆ ಹೊಳೆ ದಾಟುವ ಅಗತ್ಯವೇ ಇಲ್ಲ: ಅಕ್ಕಿ, ಬೇಳೆ, ತರಕಾರಿಗೆ ವಾಷಿಂಗ್ಟನ್‌ನಲ್ಲೂ ಮಾರಾಟ ತೆರಿಗೆ ಇಲ್ಲ.