ಪಕ್ಕದ ತೋಟದವರು ಮರುದಿನವೇ ನಡೆದ್ರು, ನಂಗ್ಯಾಕೆ ಆರು ವಾರ?

ಪ್ರಶ್ನೆ: ವಿರಾಜಪೇಟೆ ಕಡೆಯವಳು, ವಯಸ್ಸು 46. ಹುಟ್ಟಿದಾಗಿಂದ ಎಡ ಸೊಂಟದ ಕೀಲು ಸರಿ ಇಲ್ಲ, ಆ ಕಾಲು ಗಿಡ್ಡ. ಮುಂದಿನ ತಿಂಗಳು ಕೀಲು ಬದಲಿಸೋ ಆಪರೇಷನ್. ಪಕ್ಕದ ತೋಟದವರು ಮರುದಿನವೇ ಕಾಲೂರಿ ನಡೆದ್ರು, ನಂಗೆ ಮಾತ್ರ ಆರು ವಾರ ಪೂರ್ತಿ ಭಾರ ಹಾಕ್ಬೇಡಿ ಅಂತಾರೆ. ಇಂಪ್ಲಾಂಟ್ ಕಳಪೆದಾ ಡಾಕ್ಟ್ರೇ?

ಉತ್ತರ: ಈ ಮಳೆಗಾಲದಲ್ಲಿ ಇದೇ ಪ್ರಶ್ನೆ ಎಷ್ಟು ಸಲ ಬಂತೋ, ಲೆಕ್ಕ ಇಡೋದು ಬಿಟ್ಟಿದ್ದೀನಿ. ಇಂಪ್ಲಾಂಟ್ ಕಳಪೆ ಅಲ್ಲಮ್ಮ, ಅದು ಕೂರೋ ಜಾಗ ಬೇರೆ. ಅವರದ್ದು ಸವೆದ ಕೀಲು ಇರ್ಬೇಕು, ತೊಡೆಮೂಳೆಯ ಚೆಂಡು ಕೂರೋ ಗುಳಿ ಆಳವಾಗೇ ಇರುತ್ತೆ, ಅದನ್ನ ಕೊರೆದು, ಕೊರೆದದ್ದಕ್ಕಿಂತ 1-2 ಮಿ.ಮೀ. ದೊಡ್ಡ ಲೋಹದ ಕಪ್ ಬಡಿದು ಕೂರಿಸಿದ್ರೆ ಸುತ್ತಲಿನ ಮೂಳೆನೇ ಬಿಗಿಯಾಗಿ ಹಿಡ್ಕೊಳ್ಳುತ್ತೆ. ನಿಮ್ಮದು ಬಟ್ಟಲಲ್ಲ, ತಟ್ಟೆ. ಮೇಲ್ಗಡೆ, ಮುಂದ್ಗಡೆ ಅಂಚೇ ಬೆಳೆದಿರಲ್ಲ, ಹಿಡಿಯೋದು ಯಾವುದು?

ಜೂನಲ್ಲಿ ಕಾಫಿ ಗಿಡ ನೆಟ್ಟು ಪಕ್ಕಕ್ಕೆ ಕೋಲು ಕಟ್ತೀರಲ್ಲ, ಯಾಕೆ? ಗಾಳಿಗೆ ಬುಡ ಅಲ್ಲಾಡಿದ್ರೆ ಬೇರು ಹಿಡಿಯಲ್ಲ ಅಂತ. ಕಪ್ಪಿನ ಒರಟು ಮೈಗೂ ಮೂಳೆ ಬೆಳೆದು ಕಚ್ಚಬೇಕು, ಅದಕ್ಕೆ 6ರಿಂದ 12 ವಾರ. ಅಷ್ಟರೊಳಗೆ ಸುಮಾರು 150 ಮೈಕ್ರಾನ್, ಅಂದ್ರೆ 0.15 ಮಿ.ಮೀ. ಮೀರಿ ಅದು ಅಲ್ಲಾಡ್ತಾ ಇದ್ರೆ ಮೂಳೆ ಬದಲು ನಾರಿನಂಥ ಪೊರೆ ಬೆಳೆಯುತ್ತೆ, ಆಮೇಲೆ ಕಪ್ ಸಡಿಲ, ಹೆಜ್ಜೆ ಇಟ್ರೆ ನೋವು. ಅದಕ್ಕೇ ಕಪ್ಪನ್ನ ಸ್ವಲ್ಪ ಒಳಗೆ ತಳ್ಳಿ ಕೂರಿಸ್ತೀವಿ, ಸ್ಕ್ರೂ ಹಾಕ್ತೀವಿ, ಅದೂ ಸಾಲದಿದ್ರೆ ತೆಗೆದ ನಿಮ್ಮದೇ ತೊಡೆಮೂಳೆಯ ಚೆಂಡಿನ ತುಂಡನ್ನ ಮೇಲೆ ಚಾವಣಿ ಥರ ಜೋಡಿಸ್ತೀವಿ. ಆ ತುಂಡೂ ಕೂಡಬೇಕಲ್ಲ! ತೊಡೆಮೂಳೆ ಒಳಗಿನ ಕೊಳವೆನೂ ಇಂಥವರಲ್ಲಿ ಕಿರಿದು, ಮುಂದಕ್ಕೆ ತಿರುಚಿಕೊಂಡಿರುತ್ತೆ, ಅದರೊಳಗೆ ಇಳಿಸೋ ಲೋಹದ ಕಡ್ಡಿ, ಅಂದ್ರೆ ಸ್ಟೆಮ್, ಬೇರೆ ಥರದ್ದೇ ಬೇಕಾಗ್ಬಹುದು. ಚೆಂಡು ತೀರಾ ಮೇಲೇರಿದ್ರೆ ಕಾಲನ್ನ ಕೆಳಗೆ ಎಳೀಬೇಕು, ಒಂದೇ ಸಲ 4 ಸೆಂ.ಮೀ. ಮೀರಿ ಎಳೆದ್ರೆ ಕಾಲಿನ ನರಕ್ಕೆ ಅಪಾಯ, ಆಗ ತೊಡೆಮೂಳೆನೇ ಕತ್ತರಿಸಿ ಗಿಡ್ಡ ಮಾಡ್ಬೇಕಾಗುತ್ತೆ.

ಹೋಗಿ ಕಂಪನಿ ಹೆಸರು ಕೇಳ್ಬೇಡಿ. ಕಪ್ಪಿಗೆ ನನ್ನ ಮೂಳೆ ಎಷ್ಟು ಭಾಗ ಆಸರೆ ಕೊಡುತ್ತೆ, ತುಂಡು ಜೋಡಿಸ್ತೀರಾ ಅಂತ ಕೇಳಿ. ತುಂಡು ಹಾಕಿದ್ರೆ ನಾನಂತೂ ಎಂಟು ವಾರ ವಾಕರ್ ಬಿಡಿಸಲ್ಲ, ಜೊತೆಯವರು ನಗ್ತಾರೆ, ನಗಲಿ. ನನ್ನ ಪೇಷಂಟ್ ಒಬ್ಬರು ಮೂರನೇ ವಾರ ಮದುವೆ ಮನೇಲಿ ವಾಲಗಕ್ಕೆ ಕುಣಿದು ಬಂದ್ರು, ಎಕ್ಸ್‌ರೇಲಿ ಕಪ್ ವಾಲಿತ್ತು, ಮತ್ತೆ ಕೊಯ್ದೆ.

ಕಪ್ಪನ್ನ ಮೂಳೆಗೆ ಕೂರಿಸೋ ಸಿಮೆಂಟ್ ಹಾಕಿದ್ರೆ ಆವತ್ತೇ ಗಟ್ಟಿ ಅಲ್ವಾ? ಸಿಮೆಂಟ್ ನಿಮಿಷಗಳಲ್ಲಿ ಗಟ್ಟಿ ಆಗುತ್ತೆ, ಇಲ್ಲದ ಅಂಚನ್ನ ಹುಟ್ಟಿಸಲ್ಲ.

ನಮ್ಮೂರ ಮಳೆಗೆ ಒಳಗಿನ ಲೋಹ ತುಕ್ಕು ಹಿಡಿಯುತ್ತಾ? ಅದು ಟೈಟಾನಿಯಂ ರೀ, ಗೇಟಿನ ಚಿಲಕ ಅಲ್ಲ.

ನಾಟಿ ವೈದ್ಯರು ಉಜ್ಜಿ ಕೀಲು ಕೂರಿಸ್ತಾರಂತೆ? ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಕ್ಕಳ ಡಾಕ್ಟರ್ ಹತ್ರ ಹೋಗಿದ್ರೆ ಬೆಲ್ಟಲ್ಲೇ ಸರಿಹೋಗ್ತಿತ್ತೇನೋ, 46ಕ್ಕೆ ಉಜ್ಜಿದ್ರೆ ಎಣ್ಣೆ ದಂಡ. ಹೆಸರಿಲ್ಲದ ನೋವಿನ ಪುಡಿಯಂತೂ ಮುಟ್ಟಲೇ ಬೇಡಿ, ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ರೆ ಇನ್ನೊಂದು ಕಾಲಿನ ಚೆಂಡೂ ರಕ್ತ ಸಿಗದೆ ಸಾಯಬಹುದು.

ಮುಂದಿನ ವರ್ಷ ಏಣಿ ಹತ್ತಿ ಮೆಣಸು ಕೊಯ್ಯಬಹುದಾ? ಆಳು ಕರೆಸಿ.