ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡಿ ಮುಗಿಸಿದವರು ಅಲ್ಲೇ ಅಸಿಸ್ಟೆಂಟ್ ಕೋಚ್ ಆಗೋದು ಹೇಗೆ?

ಅಮೆರಿಕದ ಡಿವಿಷನ್ 2 (ಕಾಲೇಜು ಕ್ರೀಡೆಯ ಎರಡನೇ ಹಂತ) ಕಾಲೇಜೊಂದರಲ್ಲಿ ನಿಮ್ಮ ಅಕ್ಕನ ಮಗ ಕೊನೇ ವರ್ಷ ಆಡ್ತಿದ್ದಾನೆ, ಮುಂದೆ ಕೋಚಿಂಗ್‌ಗೆ ಇಳೀಬೇಕು ಅಂತಾನೆ, ಯಾವ ಕೋರ್ಸ್ ಮಾಡಿಸೋದು ಅಂತ ಕೇಳಿದ್ದೀರಿ. ನಾನು ಕೋಚ್ ಅಲ್ಲ. ಬೆಂಗಳೂರಲ್ಲಿ ಕಾಲೇಜು ತಂಡಕ್ಕೆ ಆಡಿದವನು, ಈಗ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿದ್ದೀನಿ. ಚಳಿಗಾಲ ಬಂತೆಂದರೆ ಇಲ್ಲಿ ಡ್ಯೂಕ್, ಯುಎನ್‌ಸಿ ಅನ್ನೋ ಎರಡು ವಿಶ್ವವಿದ್ಯಾಲಯಗಳ ತಂಡ ಬಿಟ್ಟು ಬೇರೆ ಮಾತೇ ಇರಲ್ಲ (ಇಲ್ಲಿನ ಇನ್ನೊಂದು ವಿಶ್ವವಿದ್ಯಾಲಯ ಎನ್‌ಸಿ ಸ್ಟೇಟ್‌ನವರು ಕ್ಷಮಿಸಬೇಕು).

ಕೋರ್ಸ್ ಹುಡುಕೋದು ಬಿಡಿ. ನಮ್ಮಲ್ಲಿ ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾ ಇದ್ದರೆ ಒಂದು ತೂಕ. ಇಲ್ಲಿ ನೀವು ಯಾರ ಕೈಕೆಳಗೆ ಆಡಿದ್ದೀರಿ, ಅವರು ನಿಮಗೋಸ್ಕರ ಇನ್ನೊಬ್ಬ ಕೋಚ್‌ಗೆ ಫೋನ್ ಮಾಡ್ತಾರಾ ಅನ್ನೋದೇ ಮುಖ್ಯ.

ಜಾನ್ ಶೈಯರ್‌ನನ್ನೇ ನೋಡಿ. 2010ರಲ್ಲಿ ಚಾಂಪಿಯನ್ ಆದ ಡ್ಯೂಕ್ ತಂಡದ ನಾಯಕ. ವೃತ್ತಿಪರ ಲೀಗ್ ಎನ್‌ಬಿಎ ತಂಡಗಳು ಹೊಸಬರನ್ನ ಆರಿಸೋ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ, ಹೊಸಬರನ್ನ ಪರೀಕ್ಷಿಸೋ ಸಮ್ಮರ್ ಲೀಗ್‌ನಲ್ಲಿ ಕಣ್ಣಿಗೆ ಪೆಟ್ಟು ಬಿತ್ತು. ಇಸ್ರೇಲ್, ಸ್ಪೇನ್‌ನಲ್ಲಿ ಆಡಿ 2013ರಲ್ಲಿ ಹಳೇ ಗುರು, ಡ್ಯೂಕ್‌ನ ಮುಖ್ಯ ಕೋಚ್ ಮೈಕ್ ಶಶೆಫ್ಸ್ಕಿ ಹತ್ತಿರ ವಾಪಸ್ ಬಂದ. ಮೊದಲು ‘ಸ್ಪೆಷಲ್ ಅಸಿಸ್ಟೆಂಟ್’ ಅನ್ನೋ ಹುದ್ದೆ, ಮರುವರ್ಷ ಅಸಿಸ್ಟೆಂಟ್ ಕೋಚ್, 2022ರಲ್ಲಿ ಗುರುವಿನ ಕುರ್ಚಿಯೇ ಸಿಕ್ಕಿತು. ಆ ಗುರು ಬಂದದ್ದೂ ಇದೇ ದಾರೀಲಿ: ಅಮೆರಿಕದ ಸೇನಾ ಅಕಾಡೆಮಿಯ ಆರ್ಮಿ ತಂಡದಲ್ಲಿ ಕೋಚ್ ಬಾಬ್ ನೈಟ್ ಕೈಕೆಳಗೆ ಆಡಿ, ಸೇನೆಯ ಸೇವೆ ಮುಗಿಸಿ, 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅದೇ ನೈಟ್‌ಗೆ ಗ್ರಾಜುಯೇಟ್ ಅಸಿಸ್ಟೆಂಟ್ ಆದವರು.

ನಿಮ್ಮ ಹುಡುಗ ಶೈಯರ್ ಅಲ್ಲ ತಾನೇ, ಅವನಿಗೆ ಬಾಗಿಲು ಈ ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸವೇ. ಮಾಸ್ಟರ್ಸ್ ಓದ್ತಾ ತಂಡಕ್ಕೆ ದುಡಿಯೋದು. ಎದುರಾಳಿಗಳ ಆಟದ ವಿಡಿಯೊ ಕತ್ತರಿಸೋದು, ಬೆಳಗಿನ ಜಾವ ಶೂಟಿಂಗ್ ಮಾಡೋ ಹುಡುಗನಿಗೆ ರಿಬೌಂಡ್ ಹಿಡಿದುಕೊಡೋದು, ಬಸ್ಸು, ಊಟ, ಹೋಟೆಲ್ ನೋಡ್ಕೊಳ್ಳೋದು. ದುಡ್ಡಿನ ಆಸೆ ಇಟ್ಕೋಬೇಡಿ. 1990ರ ದಶಕದಲ್ಲಿ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎ ಒಂದು ವರ್ಗದ ಸಹಾಯಕ ಕೋಚ್‌ಗಳಿಗೆ ವರ್ಷಕ್ಕೆ 16,000 ಡಾಲರ್ ಮೇಲೆ ಕೊಡಕೂಡದು ಅಂತ ಮಿತಿಯನ್ನೇ ಹಾಕಿತ್ತು. ಕೋಚ್‌ಗಳು ಕೋರ್ಟಿಗೆ ಹೋಗಿ ಗೆದ್ದರು. ಮಿತಿ ಹೋಯಿತು, ಕೆಳಹಂತದ ಬಡತನ ಹೋಗಿಲ್ಲ.

ಅವನು ಎಫ್-1 (ವಿದ್ಯಾರ್ಥಿ) ವೀಸಾದಲ್ಲಿದ್ದರೆ ಇದು ಎಚ್ಚರದಿಂದ ಓದಿ. ತರಗತಿ ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು, ಈ ಕೆಲಸವಂತೂ ಗಡಿಯಾರ ನೋಡೋದಲ್ಲ. ಓದು ಮುಗಿದ ಮೇಲೆ ಅದೇ ವೀಸಾದಲ್ಲಿ ಸ್ವಲ್ಪ ಕಾಲ ಮಾಡಬಹುದಾದ ಒಪಿಟಿ ಕೆಲಸವೂ ಓದಿದ ವಿಷಯಕ್ಕೆ ಹೊಂದಬೇಕು, ಹಾಗಾಗಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಥರದ ಮಾಸ್ಟರ್ಸ್ ಜಾಣತನ. ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನ ಕೇಳದೆ ಏನಕ್ಕೂ ಹೂಂ ಅನ್ನಬಾರದು.

2023ರ ಜುಲೈನಿಂದ ಡಿವಿಷನ್ 1 (ಅತಿ ಮೇಲಿನ ಹಂತ) ತಂಡಗಳು ಇನ್ನಿಬ್ಬರು ಕೋಚ್‌ಗಳನ್ನ ಇಟ್ಕೋಬಹುದು ಅಂತ ನಿಯಮ ಬಂತು. ಆ ನಿಯಮ ಬಂದಾಗ ಅವರು ಅಂಗಳದಲ್ಲಿ ಕಲಿಸಬಹುದಿತ್ತು, ಆದರೆ ಹೊರಗೆ ಹೋಗಿ ಆಟಗಾರರನ್ನ ಹುಡುಕುವ ಹಾಗಿರಲಿಲ್ಲ. ನಿಜವಾದ ಬೆಲೆ ಇರೋದು ಆ ಹುಡುಕೋ ಕೆಲಸಕ್ಕೇ. ಹದಿನೇಳರ ಹುಡುಗನನ್ನೂ ಅವನ ಅಮ್ಮನನ್ನೂ ಮಾತಲ್ಲಿ ಒಪ್ಪಿಸೋಕೆ ಬರದಿದ್ದರೆ ಎಷ್ಟು ಚೆನ್ನಾಗಿ ಆಡಿದ್ದರೂ ಅಷ್ಟೇ. ನಿಮ್ಮ ಹುಡುಗ ಮಾತುಗಾರನಾ? ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದು.

ಈಗಲೇ ಅವನು ತನ್ನ ಕೋಚ್ ಹತ್ತಿರ ಆಸೆ ಹೇಳ್ಕೊಂಡು, ಈ ಸೀಸನ್‌ನಲ್ಲೇ ವಿಡಿಯೊ ಕೆಲಸ ಕೇಳಿ ಪಡೀಲಿ. ಮಾರ್ಚ್ ಮುಗೀತಿದ್ದ ಹಾಗೆ ಕೋಚ್‌ಗಳು ಬದಲಾಗ್ತಾರೆ, ಅವರ ಹಿಂದೆ ಇಡೀ ಸಿಬ್ಬಂದಿಯೂ. ಫೈನಲ್ ಫೋರ್ (ಕಾಲೇಜು ಚಾಂಪಿಯನ್‌ಶಿಪ್‌ನ ಸೆಮಿಫೈನಲ್, ಫೈನಲ್) ನಡೆಯೋ ಊರಲ್ಲೇ ಕೋಚ್‌ಗಳ ಸಂಘದ ಸಮಾವೇಶವೂ ಇರುತ್ತೆ. ಕೆಲಸ ಹುಡುಕೋರು ಅಲ್ಲಿ ಹೋಟೆಲ್ ಲಾಬಿಯಲ್ಲೇ ಠಿಕಾಣಿ ಹೂಡಿರ್ತಾರೆ.